ಸಿಲಿಂಡರ್ 24 ದಿನಕ್ಕೇ ಖಾಲಿ: ಅರ್ಧ ಗ್ಯಾಸ್ ಹೋಗುತ್ತಿರುವುದು ಬಚ್ಚಲಿಗೆ

ಪ್ರಶ್ನೆ: ನಾವಿರುವುದು ಹಾಸನದಲ್ಲಿ, ಬಾಡಿಗೆ ಮನೆ. ನಾನು, ಯಜಮಾನರು, ಇಬ್ಬರು ಮಕ್ಕಳು, ಅತ್ತೆ, ಒಟ್ಟು ಐದು ಜನ. ಸಿಲಿಂಡರ್ 24 ದಿನಕ್ಕೆ ಮುಗಿದುಹೋಗುತ್ತದೆ, ಒಂದಕ್ಕೆ ಹತ್ತಿರ ಹತ್ತಿರ 900 ರೂಪಾಯಿ. ಗೃಹಜ್ಯೋತಿಯಲ್ಲಿ ನಮಗೆ 128 ಯೂನಿಟ್ ಉಚಿತ ಎಂದು ಬಿಲ್ಲಿನಲ್ಲಿದೆ. ಖರ್ಚಾಗುವುದು 112ರ ಆಸುಪಾಸು. ಮನೆಯಲ್ಲಿ 15 ಲೀಟರಿನ ಗೀಸರ್ ಇದೆ. ಹಾಕಿದರೆ ಬಿಲ್ ಏರೀತೆಂದು ಅದನ್ನು ಮುಟ್ಟುವುದಿಲ್ಲ. ಸ್ನಾನದ ನೀರನ್ನು ದೊಡ್ಡ ಪಾತ್ರೆಯಲ್ಲಿ ಎರಡು ಸಲ ಗ್ಯಾಸ್ ಮೇಲೆ ಕುದಿಸುತ್ತೇವೆ. ಫ್ಯಾನು, ಲೈಟು ಆರಿಸು ಎಂದು ದಿನವಿಡೀ ಹೇಳಿ ಹೇಳಿ ಮನೆಯಲ್ಲಿ ನನಗೆ ಜಿಪುಣಿ ಎಂಬ ಹೆಸರು ಬಂದಿದೆ. ಆದರೂ ಉಳಿತಾಯ ಕಾಣುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ? ದಿನಸಿಯನ್ನು ಹೋಲ್‌ಸೇಲಿನಲ್ಲಿ ತಂದರೆ ಏನಾದರೂ ಲಾಭವಿದೆಯೇ?

ಉತ್ತರ: ಫ್ಯಾನಿನ ಜಗಳವನ್ನು ಮೊದಲು ಕೈಬಿಡಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟಿನದು. ಒಂದು ಗಂಟೆ ತಿರುಗಿದರೆ ಯೂನಿಟ್ಟಿನ ಹದಿಮೂರನೇ ಒಂದು ಪಾಲೂ ಆಗದು, ಅಂದರೆ ಸುಮಾರು ಐವತ್ತು ಪೈಸೆ. ನೀವು ಗ್ಯಾಸಿನಲ್ಲಿ ಕಾಯಿಸುವ ಒಂದು ಬಕೆಟ್ ಸ್ನಾನದ ನೀರಿಗೆ ಮೂರು ಮುಕ್ಕಾಲು ರೂಪಾಯಿ. ಏಳು ಗಂಟೆ ಫ್ಯಾನ್ ಆರಿಸಿ ಉಳಿಸಿದ್ದು ಒಂದು ಬಕೆಟ್ಟಿಗೆ ಸರಿಹೋಯಿತು, ದಿನಕ್ಕೆ ಅಂಥ ಐದು ಬಕೆಟ್ ಇವೆ. ಮನೆಯಲ್ಲಿ ಏನನ್ನಾದರೂ ತಿರುಗಿಸಲು, ಬೆಳಗಿಸಲು ಆಗುವ ಖರ್ಚು ಸಣ್ಣದು. ಬಿಸಿ ಮಾಡಲು ಆಗುವುದೇ ದೊಡ್ಡದು. ನಿಮ್ಮ ಲೆಕ್ಕ ತಪ್ಪಿರುವುದು ಅಲ್ಲೇ.

ಒಂದು ಬಕೆಟ್ ಅಂದರೆ 18 ಲೀಟರ್ ಎಂದಿಟ್ಟುಕೊಳ್ಳಿ. ಹಾಸನದಲ್ಲಿ ಬೆಳಗಿನ ನಲ್ಲಿ ನೀರು ಸುಮಾರು 22 ಡಿಗ್ರಿ ಇದ್ದರೆ, ಸ್ನಾನಕ್ಕೆ ಹಿತವಾಗುವ 40 ಡಿಗ್ರಿಗೆ ಅದನ್ನು ಏರಿಸಬೇಕು. ಕುದಿಸಿ ತಣ್ಣೀರು ಬೆರೆಸಿದರೂ ಅಷ್ಟೇ, ನೇರವಾಗಿ ಉಗುರು ಬೆಚ್ಚಗೆ ಮಾಡಿದರೂ ಅಷ್ಟೇ, ಬೇಕಾಗುವ ಶಾಖ ಒಂದೇ. ಗ್ಯಾಸ್ ಒಲೆಯ ಮೇಲಿನ ದೊಡ್ಡ ಪಾತ್ರೆಗೆ ಉರಿಯ ಶಾಖದಲ್ಲಿ ಅರ್ಧದಷ್ಟು ಮಾತ್ರ ಸೇರುತ್ತದೆ, ಉಳಿದದ್ದು ಪಕ್ಕದಿಂದ ಅಡುಗೆಮನೆಯ ಗಾಳಿಗೆ. ಹೀಗಾಗಿ ಬಕೆಟ್ಟಿಗೆ 59 ಗ್ರಾಂ ಗ್ಯಾಸ್ ಬೀಳುತ್ತದೆ. ಐದು ಜನರಿಗೆ ದಿನಕ್ಕೆ 295 ಗ್ರಾಂ. ನಿಮ್ಮ ಸಿಲಿಂಡರಿನಲ್ಲಿರುವುದು 14.2 ಕೆಜಿ, 24 ದಿನಕ್ಕೆ ಹಂಚಿದರೆ ದಿನಕ್ಕೆ 590 ಗ್ರಾಂ. ಸರಿಯಾಗಿ ಅರ್ಧ. ಬಚ್ಚಲಿಗೆ ಹೋಗುವ ಪಾಲನ್ನು ತೆಗೆದರೆ ಇದೇ ಸಿಲಿಂಡರ್ 48 ದಿನ ಬರಬೇಕು, ಐದು ಜನರ ಅಡುಗೆಗೆ ಅದು ನ್ಯಾಯವಾದ ಲೆಕ್ಕವೇ.

ಈಗ ಅದೇ ನೀರನ್ನು ಗೀಸರಿಗೆ ಹಾಕಿ ನೋಡೋಣ. ಕರೆಂಟಿನ ಶಾಖವೆಲ್ಲ ನೀರಿಗೇ ಹೋಗುವುದರಿಂದ ಬಕೆಟ್ಟಿಗೆ 0.38 ಯೂನಿಟ್, ತಿಂಗಳಿಗೆ 57 ಯೂನಿಟ್. ಪೈಪಿನಲ್ಲಿ ಆರಿಹೋಗುವುದು, ಟ್ಯಾಂಕಿನಲ್ಲಿ ಉಳಿದು ತಣ್ಣಗಾಗುವುದು ಸೇರಿಸಿ 65 ಅನ್ನಿ. ನಿಮ್ಮ 112ಕ್ಕೆ ಕೂಡಿಸಿದರೆ 177. ಗೃಹಜ್ಯೋತಿಯಲ್ಲಿ ಅರ್ಹ ಯೂನಿಟ್ ದಾಟಿದರೂ 200ರ ಒಳಗಿದ್ದರೆ ದಾಟಿದ ಯೂನಿಟ್ಟಿಗೆ ಮಾತ್ರ ಹಣ ಕಟ್ಟಬೇಕು. 177ರಲ್ಲಿ 128 ಕಳೆದರೆ 49. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 343 ರೂಪಾಯಿ. ಇತ್ತ ಉಳಿಯುವ ಗ್ಯಾಸ್ ತಿಂಗಳಿಗೆ ಎಂಟು ಮುಕ್ಕಾಲು ಕೆಜಿಗೂ ಹೆಚ್ಚು, ಕೆಜಿಗೆ 63 ರೂಪಾಯಿಯಂತೆ 560. ಏನೂ ಹೊಸದಾಗಿ ಕೊಳ್ಳದೆ, ಯಾರ ಮೇಲೂ ರೇಗದೆ ತಿಂಗಳಿಗೆ ಇನ್ನೂರು ಚಿಲ್ಲರೆ ಉಳಿಯಿತು. ಕುದಿಯುವ ನೀರಿನ ಪಾತ್ರೆಯನ್ನು ಮಕ್ಕಳು ಓಡಾಡುವ ಮನೆಯಲ್ಲಿ ಅಡುಗೆಮನೆಯಿಂದ ಬಚ್ಚಲಿಗೆ ಹೊತ್ತೊಯ್ಯುವುದೂ ತಪ್ಪಿತು. ದುಡ್ಡಿನ ಮಾತು ಬಿಟ್ಟರೂ ಇದೊಂದೇ ಕಾರಣ ಸಾಕಿತ್ತು.

ಆದರೆ ಬಿಲ್ ಏರೀತೆಂಬ ನಿಮ್ಮ ಭಯ 200ರ ಗೆರೆಯ ವಿಷಯದಲ್ಲಿ ಸರಿಯಾದದ್ದೇ. ಅದನ್ನು ದಾಟಿದರೆ ಉಚಿತದ ಪಾಲೂ ಹೋಗುತ್ತದೆ, ಪೂರ್ತಿ ಬಿಲ್ ಕಟ್ಟಬೇಕು. 200 ಯೂನಿಟ್ ಬಳಸಿದರೆ ನೀವು ಕಟ್ಟುವುದು 72 ಯೂನಿಟ್ಟಿಗೆ, ಸುಮಾರು 504 ರೂಪಾಯಿ. 201 ಆದರೆ ಅಷ್ಟಕ್ಕೂ, ಅಂದರೆ 1,407 ರೂಪಾಯಿ, ಮೇಲೆ ನಿಗದಿತ ಶುಲ್ಕ. ಆ ಒಂದು ಯೂನಿಟ್ಟಿನ ಬೆಲೆ ಒಂದು ಸಿಲಿಂಡರ್! ಆದ್ದರಿಂದ ಗೀಸರ್ ಶುರುಮಾಡಿದ ತಿಂಗಳು ಮೀಟರನ್ನು ವಾರಕ್ಕೊಮ್ಮೆ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಎಣಿಕೆ ತಿಂಗಳ ಒಂದನೇ ತಾರೀಕಿನಿಂದ ಅಲ್ಲ, ರೀಡಿಂಗ್ ತೆಗೆದುಕೊಂಡ ದಿನದಿಂದ. ಬಿಲ್ಲಿನಲ್ಲಿ ಆ ತಾರೀಕು ಇರುತ್ತದೆ. ದಿನಕ್ಕೆ ಸರಾಸರಿ ಆರೂವರೆ ಯೂನಿಟ್ ಮೀರಬಾರದು. ಇಪ್ಪತ್ತನೇ ದಿನಕ್ಕೆ 130 ದಾಟಿದ್ದರೆ ಉಳಿದ ಹತ್ತು ದಿನ ಒಂದೆರಡು ಸ್ನಾನವನ್ನು ಗ್ಯಾಸಿಗೇ ಬಿಡಿ.

ಗೀಸರ್ ಹಾಕುವುದರಲ್ಲೂ ಒಂದು ಕ್ರಮವಿದೆ. 15 ಲೀಟರ್ ನೀರು 60 ಡಿಗ್ರಿಗೆ ಏರಲು 2000 ವ್ಯಾಟಿನ ಗೀಸರಿಗೆ 20 ನಿಮಿಷ ಸಾಕು. ಅದಕ್ಕೆ ತಣ್ಣೀರು ಬೆರೆಸಿದರೆ 31 ಲೀಟರ್ ಸ್ನಾನದ ನೀರು, ಎರಡು ಬಕೆಟ್ಟಿಗೆ ಸ್ವಲ್ಪ ಕಡಿಮೆ. ಆದ್ದರಿಂದ ಇಪ್ಪತ್ತು ನಿಮಿಷ ಮೊದಲು ಸ್ವಿಚ್ ಹಾಕಿ, ದೊಡ್ಡವರು ಒಬ್ಬರ ಹಿಂದೊಬ್ಬರು ಮುಗಿಸಿ, ಕೊನೆಯವರು ಬಚ್ಚಲಿಗೆ ಹೋಗುವಾಗ ಆರಿಸಿ. ಆಗ ಟ್ಯಾಂಕಿನಲ್ಲಿರುವ ಬಿಸಿನೀರೇ ಅವರಿಗೆ ಸಾಕು, ಆ ಮೇಲೆ ಸುಮ್ಮನೆ ಆರಿಹೋಗುವ ನೀರು ಉಳಿಯುವುದಿಲ್ಲ. ಒಬ್ಬರು ಆರಕ್ಕೆ, ಇನ್ನೊಬ್ಬರು ಎಂಟಕ್ಕೆ, ಮತ್ತೊಬ್ಬರು ಹತ್ತಕ್ಕೆ ಎಂದರೆ ಪ್ರತಿ ಸಲ ಒಂದು ಟ್ಯಾಂಕ್ ಅರ್ಧಂಬರ್ಧ ಬಿಸಿನೀರು ಉಳಿದು ತಣ್ಣಗಾಗುತ್ತದೆ. ಬಹುತೇಕ ಮನೆಗಳಲ್ಲಿ ಗೀಸರ್ ಎಂದರೆ ಬಿಲ್ ಎಂದು ಹೆಸರು ಬಂದಿರುವುದು ಇದರಿಂದ, ಮತ್ತು ಬೆಳಗ್ಗೆ ಹಾಕಿದ್ದನ್ನು ಮಧ್ಯಾಹ್ನ ನೋಡುವುದರಿಂದ. ಶವರ್ ಬೇಡ, ಬಕೆಟ್ಟೇ ಇರಲಿ. ಶವರಿನಲ್ಲಿ ಎಷ್ಟು ಲೀಟರ್ ಹೋಯಿತೆಂದು ಕಣ್ಣಿಗೆ ಕಾಣುವುದಿಲ್ಲ.

ಇಪ್ಪತ್ತು ನಿಮಿಷಕ್ಕೆ ಬಿಸಿಯಾಗಬೇಕಾದದ್ದು ನಲವತ್ತು ನಿಮಿಷವಾದರೂ ಆಗದಿದ್ದರೆ ಒಳಗೆ ಸುಣ್ಣದ ಪದರ ಕಟ್ಟಿರುವ ಸಾಧ್ಯತೆ ಹೆಚ್ಚು, ಅದರಲ್ಲೂ ಬೋರ್ ನೀರಿನ ಮನೆಯಾದರೆ. ಕಾಯಿಲ್ ಮೇಲೆ ಆ ಪದರ ಕೂತರೆ ಶಾಖ ನೀರಿಗೆ ದಾಟದೆ ಕಾಯಿಲ್ಲೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ನಿಮ್ಮ ಗೀಸರ್ ಬಹಳ ದಿನದಿಂದ ಸುಮ್ಮನಿದೆಯಾದ್ದರಿಂದ ಮೊದಲ ದಿನವೇ ಸ್ವಿಚ್ ಹಾಕಬೇಡಿ. ಬಿಸಿನೀರಿನ ನಲ್ಲಿ ತಿರುಗಿಸಿ ನೀರು ಸರಾಗ ಬರುತ್ತದೆಯೇ, ಅಂದರೆ ಟ್ಯಾಂಕ್ ತುಂಬಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಒಳಗೆ ನೀರಿಲ್ಲದೆ ಹಾಕಿದರೆ ಕಾಯಿಲ್ ನಿಮಿಷಗಳಲ್ಲಿ ಹೋಗುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಶಿಯನ್ ಕೈಯಲ್ಲಿ ಒಮ್ಮೆ ನೋಡಿಸಿ. ಆ ಖರ್ಚು ಮನೆ ಮಾಲೀಕರದು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಮಕ್ಕಳ ಸ್ನಾನವನ್ನು ಶಾಲೆ ಬಿಟ್ಟು ಬಂದ ಮೇಲೆ, ನಾಲ್ಕೂವರೆ ಐದರ ಹೊತ್ತಿಗೆ ಇಟ್ಟುಕೊಳ್ಳಲು ಆಗುತ್ತದೆಯೇ ನೋಡಿ. ತಾರಸಿಯ ಕಪ್ಪು ಟ್ಯಾಂಕಿನ ನೀರು ಬಿಸಿಲಿದ್ದ ದಿನ ಆ ಹೊತ್ತಿಗೆ 30 ಡಿಗ್ರಿ ತಲುಪಿರುತ್ತದೆ. ಹದಿನೆಂಟು ಡಿಗ್ರಿ ಏರಿಸುವ ಬದಲು ಹತ್ತೇ ಡಿಗ್ರಿ ಏರಿಸಿದರಾಯಿತು. ಇಬ್ಬರಿಗೆ ತಿಂಗಳಿಗೆ ಸುಮಾರು 10 ಯೂನಿಟ್ ಕಡಿಮೆ. ಮಳೆಗಾಲದ ಮೂರು ತಿಂಗಳು ಈ ಲಾಭ ಸಿಗದು. ಸ್ವಂತ ಮನೆಯಾಗಿದ್ದರೆ ಸೋಲಾರ್ ಹಾಕಿಸಿ ಎನ್ನಬಹುದಿತ್ತು. ಹಳ್ಳಿಯ ಕಡೆಯಾಗಿದ್ದರೆ ಹಂಡೆ ಒಲೆ, ತೆಂಗಿನ ಗರಿ, ಚಿಪ್ಪು ಇದ್ದರೆ ಈ ಲೆಕ್ಕವೇ ಬೇಕಿರಲಿಲ್ಲ.

ಗೀಸರ್ ಬದಲು ಕಾಯಿಲ್ ರಾಡ್ ಬಳಸುವವರಿದ್ದಾರೆ. 1500 ವ್ಯಾಟಿನ ರಾಡ್ ಒಂದು ಬಕೆಟ್ಟನ್ನು ಕಾಲು ಗಂಟೆಯಲ್ಲಿ ಬೆಚ್ಚಗೆ ಮಾಡುತ್ತದೆ, ಪೈಪಿನ ನಷ್ಟವೂ ಇಲ್ಲ. ಲೆಕ್ಕಕ್ಕೆ ಅದೇ ಅಗ್ಗ. ಆದರೆ ಮಕ್ಕಳೂ ವಯಸ್ಸಾದವರೂ ಇರುವ ಮನೆಗೆ ಅದು ಬೇಡವೇ ಬೇಡ. ಬಿಸಿಯಾಯಿತೇ ಎಂದು ನೋಡಲು ಸ್ವಿಚ್ ಆರಿಸದೆ ಕೈ ಅದ್ದುವುದು, ಲೋಹದ ಬಕೆಟ್ಟಿನಲ್ಲಿ ಇಡುವುದು, ಒದ್ದೆ ನೆಲದ ಮೇಲೆ ನಿಂತು ತೆಗೆಯುವುದು, ಸಾವುಗಳಾಗುವುದು ಹೀಗೇ. ಇನ್ನು ಗ್ಯಾಸ್ ಗೀಸರ್. ಅದರಲ್ಲಿ ಗ್ಯಾಸ್ ಖರ್ಚು ಒಲೆಗಿಂತ ಕಡಿಮೆ ಎಂಬುದು ನಿಜ. ಆದರೆ ಮುಚ್ಚಿದ ಬಚ್ಚಲಿನೊಳಗೆ ಅದು ಉರಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಕೂರಿಸಲಾಗದಿದ್ದರೆ ಅದರ ಯೋಚನೆಯನ್ನೇ ಬಿಡಿ.

ಇನ್ನು ಅಡುಗೆ. ಉಳಿದ ಅರ್ಧ ಸಿಲಿಂಡರ್ ಇಲ್ಲಿದೆ, ಇದರಲ್ಲೂ ಐದರಲ್ಲಿ ಒಂದು ಪಾಲು ಉಳಿಸಬಹುದು.

ಒಂದು ಸಂಗತಿ ತಲೆಯಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನೇ ಹೊಳೆಯುತ್ತದೆ. ಒಂದು ಲೀಟರ್ ನೀರನ್ನು ಕುದಿಗೆ ತರಲು 13 ಗ್ರಾಂ ಗ್ಯಾಸ್ ಬೇಕು. ಅದೇ ಒಂದು ಲೀಟರನ್ನು ಆವಿ ಮಾಡಿ ಹಾರಿಸಲು 90 ಗ್ರಾಂ ದಾಟುತ್ತದೆ. ಏಳು ಪಟ್ಟು! ನೀರು ಒಮ್ಮೆ ಕುದಿಯಲು ಶುರುವಾದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಅದರ ಬಿಸಿ ಏರುವುದಿಲ್ಲ. ಹೆಚ್ಚಿದ ಉರಿಯೆಲ್ಲ ಆವಿಯಾಗಿ ಚಾವಣಿಗೆ ಹೋಗುತ್ತದೆ. ಹುಳಿ ಕೊತಕೊತ ಕುದಿಯುತ್ತಿದ್ದರೂ, ಸಣ್ಣ ಉರಿಯಲ್ಲಿ ಅಂಚಿನಲ್ಲಷ್ಟೇ ಗುಳ್ಳೆ ಏಳುತ್ತಿದ್ದರೂ ಹೋಳು ಬೇಯುವ ಹೊತ್ತು ಒಂದೇ. ಅಲ್ಲದೆ ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಅಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯುವ ಬೇಳೆ ನಿಮ್ಮಲ್ಲಿ ಇನ್ನಷ್ಟು ಹೊತ್ತು ಕೇಳುತ್ತದೆ. ಕುಕ್ಕರಿನೊಳಗೆ 120 ಡಿಗ್ರಿ ಇರುವುದರಿಂದ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ನಿಮ್ಮೂರಿನಲ್ಲಿ ಕುಕ್ಕರ್ ಅಗತ್ಯದ ವಸ್ತು.

ಆದರೆ ವಿಷಲ್ ಎಣಿಸುವುದನ್ನು ಬಿಡಿ, ನಿಮಿಷ ಎಣಿಸಿ. ವಿಷಲ್ ಅಂದರೆ ಒಳಗೆ ಹಿಡಿದಿಟ್ಟ ಹಬೆ ಹೊರಗೆ ಹೋಯಿತೆಂದು ಅರ್ಥ, ಬೇಯಿಸುವ ಕೆಲಸ ಆಯಿತೆಂದಲ್ಲ. ಮೊದಲ ವಿಷಲ್ ಬಂದ ಕೂಡಲೇ ಸಿಮ್‌ಗೆ ಇಳಿಸಿ. ವೆಯ್ಟ್ ಸಣ್ಣಗೆ ಸುಯ್ಗುಡುತ್ತಾ, ಆಗಾಗ ಅಲ್ಲಾಡುತ್ತಿದ್ದರೆ ಒಳಗಿನ ಒತ್ತಡ ಪೂರ್ತಿ ಇದೆ. ನೆನೆಸಿದ ತೊಗರಿಬೇಳೆಗೆ ಅಲ್ಲಿಂದ ಎಂಟರಿಂದ ಹತ್ತು ನಿಮಿಷ. ಆರಿಸಿದ ಮೇಲೆ ಮುಚ್ಚಳದ ಮೇಲೆ ನೀರು ಸುರಿದು ಒತ್ತಡ ಇಳಿಸಬೇಡಿ. ತಾನಾಗಿ ಇಳಿಯುವ ಹತ್ತು ನಿಮಿಷವೂ ಒಳಗೆ ಬೇಯುತ್ತಲೇ ಇರುತ್ತದೆ, ಆ ಬೇಯುವಿಕೆ ಪುಕ್ಕಟೆ.

ಅನ್ನ, ಬೇಳೆಗೆ ಎರಡು ಸಲ ಕುಕ್ಕರ್ ಇಡುವವರು ಡಬ್ಬಿ ಜೋಡಿಸಿ ಒಂದೇ ಸಲ ಮಾಡಬೇಕು. ಮಾಡಿ ನೋಡಿದವರು ಕೈಬಿಡುವುದು ಏಕೆಂದರೆ ಬೇಳೆ ಬೇಯುವ ಹೊತ್ತಿಗೆ ಅನ್ನ ಮುದ್ದೆಯಾಗಿರುತ್ತದೆ. ಅದಕ್ಕೆ ಮದ್ದು: ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಅಕ್ಕಿಯನ್ನು ನೆನೆಸಬೇಡಿ. ಬೇಳೆ ಕೆಳಗಿನ ಡಬ್ಬಿಗೆ, ಅಕ್ಕಿ ಮೇಲಿನದಕ್ಕೆ. ಕುಕ್ಕರಿನ ತಳಕ್ಕೆ ಒಂದೂವರೆ ಲೋಟ ನೀರು ಸಾಕು. ಮೂರು ಲೋಟ ಹಾಕಿದರೆ ಅದನ್ನೂ ಕಾಯಿಸಿದ ಹಾಗಾಯಿತು. ಎಷ್ಟು ಹೊತ್ತಾದರೂ ಬೇಳೆ ಕರಗುತ್ತಿಲ್ಲ ಎಂದರೆ ಬೇಳೆಯನ್ನು ಬೈಯುವ ಮೊದಲು ನೀರನ್ನು ನೋಡಿ. ಬೋರ್ ನೀರಿನ ಗಡಸುತನ ಬೇಳೆಯ ಸಿಪ್ಪೆ, ತಿರುಳನ್ನು ಬಿಗಿಯಾಗಿಸುತ್ತದೆ. ಹೇಮಾವತಿ ನೀರು ಬರುವ ದಿನ ಎರಡು ಬಿಂದಿಗೆ ಅಡುಗೆಗೆಂದೇ ಹಿಡಿದಿಡಿ. ಹುಣಸೆಹಣ್ಣು, ಟೊಮೆಟೊ ಬೇಳೆ ಬೆಂದ ಮೇಲೆಯೇ; ಹುಳಿ ಸೇರಿದರೆ ಬೇಳೆ ಬೇಯುವುದು ತೀರಾ ನಿಧಾನವಾಗುತ್ತದೆ. ಕಡಲೆ, ಅಲಸಂದೆ, ಒಣ ಅವರೆಗೆ ರಾತ್ರಿಯಿಡೀ ನೆನೆಯಬೇಕು, ಮರೆತರೆ ಅಂದು ಬೇರೆ ಸಾರು ಮಾಡಿ. ನೆನೆಸದ ಕಡಲೆಯನ್ನು ಬೇಯಿಸಿಯೇ ತೀರುತ್ತೇನೆ ಎನ್ನುವ ಹಟಕ್ಕೆ ಮುಕ್ಕಾಲು ಗಂಟೆ ಉರಿ ಬೇಕಾಗುತ್ತದೆ.

ಕುಕ್ಕರಿನ ಮುಚ್ಚಳದ ಪಕ್ಕದಿಂದ ನೀರು ಸೋರಿ ಒಲೆಯ ಮೇಲೆ ಚೊಂಯ್ ಎನ್ನುತ್ತಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ. ತಣ್ಣೀರಿನಲ್ಲಿ ಅದ್ದಿಟ್ಟರೆ ಒಂದೆರಡು ದಿನ ಬಿಗಿಯಾಗುತ್ತದೆ ಅಷ್ಟೇ. ಹೊಸದು ತನ್ನಿ. ಒತ್ತಡವೇ ಏರದ ಕುಕ್ಕರ್ ಬರೀ ಭಾರದ ಪಾತ್ರೆ.

ಮುದ್ದೆಯ ಮನೆಯಾಗಿದ್ದರೆ ನಿಮಗೆ ಅನುಕೂಲ. ಚಪಾತಿ, ದೋಸೆಗೆ ಐದು ಜನರಿಗೆ ಕಾವಲಿ ಮುಕ್ಕಾಲು ಗಂಟೆ ಉರಿಯುತ್ತದೆ. ಮುದ್ದೆಗೆ ಅಷ್ಟು ಬೇಡ. ಒಂದು ಲೋಟ ಹಿಟ್ಟಿಗೆ ಎರಡೂ ಕಾಲು ಲೋಟ ನೀರು. ನೀರನ್ನು ಮುಚ್ಚಿಟ್ಟೇ ಕುದಿಗೆ ತನ್ನಿ. ಕುದಿ ಬಂದಾಗ ಹಿಟ್ಟನ್ನು ಕಲಕದೆ ನಡುವೆ ಗುಡ್ಡೆ ಸುರಿದು, ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ, ಮುಚ್ಚಿ, ಸಿಮ್‌ಗೆ ಇಳಿಸಿ. ಆರು ನಿಮಿಷ ಆ ತೂತಿನಿಂದ ನೀರು ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತಾ ಬೇಯಿಸುತ್ತದೆ. ಆಮೇಲೆ ತೊಳಸಿ, ನೀರು ಚಿಮುಕಿಸಿ, ಎರಡು ನಿಮಿಷ ಹಬೆಗೆ ಬಿಟ್ಟು ಆರಿಸಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಜೋರು ಉರಿಯಲ್ಲಿ ಬಿಟ್ಟರೆ ತಳ ಸೀದು ಒಳಗೆ ಹಸಿಹಿಟ್ಟು ಉಳಿಯುತ್ತದೆ. ಗ್ಯಾಸೂ ಹೋಯಿತು, ಮುದ್ದೆಯೂ ಕೆಟ್ಟಿತು.

ಪಾತ್ರೆಯ ತಳ ಕಪ್ಪಾಗುತ್ತಿದೆಯೇ? ಉರಿಯ ತುದಿ ಹಳದಿಯಾಗಿದೆಯೇ? ಹಾಗಿದ್ದರೆ ಗ್ಯಾಸ್ ಪೂರ್ತಿ ಉರಿಯದೆ ಮಸಿಯಾಗಿ ಹೋಗುತ್ತಿದೆ. ಹಾಲು, ಸಾರು ಉಕ್ಕಿ ಬರ್ನರಿನ ತೂತುಗಳಲ್ಲಿ ಕೂತಿರುವುದೇ ಸಾಮಾನ್ಯ ಕಾರಣ. ರೆಗ್ಯುಲೇಟರ್ ಆರಿಸಿ, ಒಲೆ ತಣ್ಣಗಾದ ಮೇಲೆ ಬರ್ನರಿನ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಎತ್ತಿ ತೆಗೆಯಿರಿ. ನಿಂಬೆಗಾತ್ರದ ಹಳೆಯ ಹುಣಸೆಹಣ್ಣು, ಒಂದು ಚಮಚ ಉಪ್ಪು ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ತೂತುಗಳನ್ನು ಸೂಜಿಯಿಂದ ಒಳಗಿನಿಂದ ಹೊರಕ್ಕೆ ಚುಚ್ಚಿ. ಹೊರಗಿನಿಂದ ಚುಚ್ಚಿದರೆ ಕಸ ಒಳಗೇ ಬೀಳುತ್ತದೆ. ತೂತು ದೊಡ್ಡದಾಗುವಂತೆ ಕೆರೆಯಬೇಡಿ, ಉರಿಯ ಅಳತೆ ಕೆಡುತ್ತದೆ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಅಲ್ಲಾಡದಂತೆ ಅದರ ಕುಳಿಯಲ್ಲಿ ಕೂರಿಸಿ. ಹಚ್ಚಿದಾಗ ಸುತ್ತಲೂ ಒಂದೇ ಎತ್ತರದ ನೀಲಿ ಉರಿ ಬರಬೇಕು. ಇಷ್ಟಾದರೂ ಹಳದಿಯೇ ಇದ್ದರೆ ಕೆಳಗಿನ ಜೆಟ್ ಅಥವಾ ಗಾಳಿ ಸೇರುವ ಕಿಂಡಿಯ ತೊಂದರೆ, ಅದು ಮೆಕ್ಯಾನಿಕ್ ಕೆಲಸ. ರಬ್ಬರ್ ಪೈಪನ್ನೂ ಆಗ ನೋಡಿಬಿಡಿ. ಐದು ವರ್ಷವಾಗಿದ್ದರೆ ಬದಲಿಸಿ. ಸೋರಿಕೆಯ ಅನುಮಾನವಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು, ಬೆಂಕಿಕಡ್ಡಿ ಗೀರಿ ಎಂದೂ ನೋಡಬಾರದು. ಸೋರುತ್ತಿದ್ದರೆ ರೆಗ್ಯುಲೇಟರ್ ಆರಿಸಿ, ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಉರಿ ಪಾತ್ರೆಯ ತಳದ ಆಚೆ ಚಾಚಬಾರದು ಎಂಬುದು ನಿಮಗೂ ಗೊತ್ತಿರುತ್ತದೆ, ಆದರೂ ಕಾಫಿ ಪಾತ್ರೆಯನ್ನು ದೊಡ್ಡ ಬರ್ನರ್ ಮೇಲೆ ಇಡುವ ಅಭ್ಯಾಸ ಎಲ್ಲ ಮನೆಗಳಲ್ಲೂ ಇದೆ. ದೊಡ್ಡ ಬರ್ನರ್ ಗಂಟೆಗೆ ಸುಮಾರು 150 ಗ್ರಾಂ, ಚಿಕ್ಕದು 100 ಗ್ರಾಂ ಉರಿಸುತ್ತದೆ. ಒಲೆ ಹಚ್ಚಿ ಆಮೇಲೆ ಈರುಳ್ಳಿ ಹೆಚ್ಚಲು ಕೂರುವುದು ಹತ್ತು ನಿಮಿಷಕ್ಕೆ ಒಂದೂವರೆ ರೂಪಾಯಿಯ ಮಾತು. ಫ್ರಿಜ್ಜಿನ ಹಾಲನ್ನು ಅರ್ಧ ಗಂಟೆ ಮೊದಲು ಹೊರಗಿಡಿ. ಅತ್ತೆಯವರಿಗೆ ದಿನಕ್ಕೆ ನಾಲ್ಕೈದು ಸಲ ಬಿಸಿನೀರು ಬೇಕಾಗುತ್ತಿದ್ದರೆ ಬೆಳಗ್ಗೆ ಒಮ್ಮೆ ಕುದಿಸಿ ಫ್ಲಾಸ್ಕಿಗೆ ತುಂಬಿಡಿ. ಅವರಿಗೂ ಯಾರನ್ನೂ ಕೇಳದೆ ಕುಡಿಯಲು ಅನುಕೂಲ.

ಇಂಡಕ್ಷನ್ ಒಲೆ ತರಬೇಕೇ ಎಂದು ನೀವು ಕೇಳಿಲ್ಲ, ಆದರೂ ಕೇಳುತ್ತೀರಿ. ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಇಂಡಕ್ಷನ್‌ಗೆ 120 ಯೂನಿಟ್ಟಿನಷ್ಟು ಬೇಕು. ಹಣ ಕೊಡುವ ಯೂನಿಟ್ ಆದರೆ 840 ರೂಪಾಯಿ, ಗ್ಯಾಸಿಗೆ ಹೆಚ್ಚು ಕಡಿಮೆ ಸಮ. ಉಚಿತ ಯೂನಿಟ್ ಮಿಕ್ಕಿ ಬೀಳುತ್ತಿರುವವರಿಗೆ ಮಾತ್ರ ಅದು ಲಾಭ. ನಿಮ್ಮ ಮನೆಯಲ್ಲಿ ಮಿಕ್ಕ ಯೂನಿಟ್ಟನ್ನು ಈಗಷ್ಟೇ ಬಚ್ಚಲಿಗೆ ಕೊಟ್ಟಿದ್ದೇವೆ. ಬೇಡ.

ಕರೆಂಟಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಇಲ್ಲಿಯವರೆಗೆ ನೀವು ಫ್ಯಾನ್, ಲೈಟ್ ಆರಿಸಿ ಉಳಿಸಿದ ಯೂನಿಟ್ಟಿಗೆ ಒಂದು ಪೈಸೆಯೂ ಬಂದಿಲ್ಲ. ಏಕೆಂದರೆ 128ರ ಒಳಗೆ 112 ಆದರೂ ಸೊನ್ನೆ, 90 ಆದರೂ ಸೊನ್ನೆ. ಗೀಸರ್ ಹಾಕಿದ ಮೇಲೆ ಮಾತ್ರ ಉಳಿಸಿದ ಪ್ರತಿ ಯೂನಿಟ್ 7 ರೂಪಾಯಿ, ಜೊತೆಗೆ 200ರ ಗೆರೆಯಿಂದ ಅಷ್ಟು ದೂರ. ಈಗ ಹುಡುಕಬೇಕಾದದ್ದು ಗೊತ್ತಾಗದ ಹಾಗೆ ಇಡೀ ದಿನ ತಿನ್ನುವವುಗಳನ್ನು. ಮೀಟರೇ ಅದನ್ನು ಹೇಳುತ್ತದೆ. ಅದರ ಮುಖದ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಪಕ್ಕದಲ್ಲಿ ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. 3200 ಎಂದಿದ್ದರೆ, ನಿಮಿಷಕ್ಕೆ ಒಂದು ಮಿಣುಕು ಅಂದರೆ ಸುಮಾರು 19 ವ್ಯಾಟ್. ರಾತ್ರಿ ಎಲ್ಲ ಆರಿಸಿ, ಫ್ರಿಜ್ಜನ್ನೂ ಎರಡು ನಿಮಿಷ ಆರಿಸಿ ಎಣಿಸಿ. ಏನೂ ನಡೆಯುತ್ತಿಲ್ಲ ಎಂದುಕೊಂಡ ಹೊತ್ತಿನಲ್ಲಿ ನಿಮಿಷಕ್ಕೆ ಎರಡು ಮಿಣುಕು ಬಂದರೆ 38 ವ್ಯಾಟ್, ತಿಂಗಳಿಗೆ 27 ಯೂನಿಟ್. ಒಂದೊಂದೇ ಪ್ಲಗ್ ಕಿತ್ತು ಮತ್ತೆ ಎಣಿಸಿದರೆ ಕಳ್ಳ ಸಿಗುತ್ತಾನೆ. ಟಿವಿಯ ಸೆಟ್‌ಟಾಪ್ ಬಾಕ್ಸ್ ರಿಮೋಟಿನಲ್ಲಿ ಆರಿಸಿದರೂ ಹತ್ತು ವ್ಯಾಟ್ ತಿನ್ನುತ್ತಲೇ ಇರುವುದುಂಟು, ಗೋಡೆಯ ಸ್ವಿಚ್ ಆರಿಸಿದರೆ ತಿಂಗಳಿಗೆ ಆರು ಯೂನಿಟ್ ಉಳಿತಾಯ. ಎಲ್ಲ ಪ್ಲಗ್ ಕಿತ್ತರೂ ಮಿಣುಕುತ್ತಿದ್ದರೆ ವೈರಿಂಗಿನಲ್ಲಿ ಸೋರಿಕೆ ಇರಬಹುದು, ಅಥವಾ ಬೇರೆ ಮನೆಯ ಲೈನ್ ನಿಮ್ಮ ಮೀಟರಿಗೆ ಸೇರಿರಬಹುದು. ಬಾಡಿಗೆ ಮನೆಗಳಲ್ಲಿ ಮೆಟ್ಟಿಲಿನ ಲೈಟು, ಮೋಟರು ಹೀಗೆ ಒಬ್ಬರ ಮೀಟರಿಗೇ ಬಿದ್ದಿರುವುದು ಅಪರೂಪವಲ್ಲ.

ಹಳೆಯ ಚೋಕ್ ಟ್ಯೂಬ್‌ಲೈಟ್ ಎರಡಿದ್ದರೆ ಅವನ್ನು 20 ವ್ಯಾಟಿನ ಎಲ್‌ಇಡಿಗೆ ಬದಲಿಸಿ, ದಿನಕ್ಕೆ ಐದು ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ ಒಂಬತ್ತು ಹತ್ತು ಯೂನಿಟ್. ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನ್ ಬಗ್ಗೆ ಜಾಹೀರಾತು ನೋಡಿರುತ್ತೀರಿ. ರಾಯಚೂರು, ಕಲಬುರಗಿಯಲ್ಲಿ ದಿನಕ್ಕೆ 18 ಗಂಟೆ ತಿರುಗುವ ಮನೆಗೆ ಅದು ಒಂದೂವರೆ ವರ್ಷದಲ್ಲಿ ದುಡ್ಡು ವಾಪಸ್ ಕೊಡುತ್ತದೆ. ಹಾಸನದಲ್ಲಿ ಐದು ಗಂಟೆ ತಿರುಗುವ ಫ್ಯಾನಿಗೆ ಐದು ವರ್ಷ ಬೇಕು. ಹಳೆಯದು ಕೆಟ್ಟಾಗ ಯೋಚಿಸಿ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ, ಸುಲಭವಾಗಿ ಜಾರಿ ಬಂದರೆ ಬಾಗಿಲ ರಬ್ಬರ್ ಹೋಗಿದೆ. ವಾಷಿಂಗ್ ಮಷಿನ್ನಿನಲ್ಲಿ ಬಿಸಿನೀರಿನ ಬಟನ್ ಒತ್ತಬೇಡಿ. ಅಲ್ಲೂ ಖರ್ಚು ತಿರುಗುವುದಕ್ಕಲ್ಲ, ಬಿಸಿಗೆ.

ಹೊಸ ಸಿಲಿಂಡರ್ ಬಂದಾಗ ತೂಕ ಹಾಕಿಸಿಕೊಳ್ಳಿ, ಕೇಳುವುದು ನಿಮ್ಮ ಹಕ್ಕು. ಹಿಡಿಕೆಯ ಪಟ್ಟಿಯ ಮೇಲೆ ಖಾಲಿ ಸಿಲಿಂಡರಿನ ತೂಕ ಬರೆದಿರುತ್ತದೆ. ಅದಕ್ಕೆ 14.2 ಸೇರಿಸಿದರೆ ತಕ್ಕಡಿ ತೋರಿಸಬೇಕಾದ ಸಂಖ್ಯೆ. ಹಚ್ಚಿದ ತಾರೀಕನ್ನು ಸೀಮೆಸುಣ್ಣದಲ್ಲಿ ಸಿಲಿಂಡರಿನ ಮೇಲೇ ಬರೆಯಿರಿ. ಸ್ನಾನದ ನೀರನ್ನು ತೆಗೆದ ಮೇಲೂ 40 ದಿನ ಬಾರದಿದ್ದರೆ ಸೋರಿಕೆ ಇದೆ, ಇಲ್ಲವೇ ತೂಕ ಕಡಿಮೆ ಇದೆ.

ದಿನಸಿ ಹೋಲ್‌ಸೇಲಿನಲ್ಲಿ ತರುವ ಬಗ್ಗೆ ಕೇಳಿದ್ದೀರಿ. ಮೊದಲು ಒಂದು ತಿಂಗಳು ನಿಮ್ಮ ಮನೆಗೆ ಏನು ಎಷ್ಟು ಬೇಕು ಎಂದು ತೂಗಿ ಬರೆದುಕೊಳ್ಳಿ. ಅದಿಲ್ಲದೆ ತಂದರೆ ಅಗ್ಗಕ್ಕೆ ತಂದದ್ದು ಹುಳದ ಪಾಲಾಗುತ್ತದೆ. ಆರು ತಿಂಗಳಿಗೆ ತರಬಹುದಾದದ್ದು ಅಕ್ಕಿ, ರಾಗಿ, ತೊಗರಿಬೇಳೆ, ಉಪ್ಪು, ಸೋಪು, ಬೆಲ್ಲ. ಬೇಳೆಯನ್ನು ಹೊಸ ಫಸಲು ಬರುವ ಜನವರಿ, ಫೆಬ್ರವರಿಯಲ್ಲಿ ತಂದು, ಎರಡು ದಿನ ಚೆನ್ನಾಗಿ ಬಿಸಿಲಿಗೆ ಹರಡಿ, ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವತು ಬೂಸ್ಟು ಹಿಡಿಯುತ್ತದೆ. ಒಣಮೆಣಸಿನಕಾಯಿ ಅಥವಾ ಒಣಗಿದ ಬೇವಿನಸೊಪ್ಪು ಹಾಕಿಡಿ. ರಾಗಿಯನ್ನು ಕಾಳಾಗಿ ಇಡಿ, ಹಿಟ್ಟು ತಿಂಗಳಿಗಾಗುವಷ್ಟು ಮಾತ್ರ ಬೀಸಿಸಿ. ರವೆ, ಮೈದಾ, ಎಣ್ಣೆ, ಕಡಲೆಬೀಜ, ಕೊಬ್ಬರಿ ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತಿಂಗಳಿಗಿಂತ ಹೆಚ್ಚು ತರಬೇಡಿ; ಹಾಸನದ ಮಳೆಗಾಲದಲ್ಲಿ ರವೆಗೆ ಮೂರನೇ ವಾರಕ್ಕೇ ಗೂಡು ಕಟ್ಟುತ್ತದೆ. ಆಗಲೇ ತಂದಿಟ್ಟ ರವೆ ಹೆಚ್ಚಿದ್ದರೆ ಬಾಣಲೆಯಲ್ಲಿ ಎಣ್ಣೆ ಹಾಕದೆ ಹುರಿದು, ಆರಿಸಿ ತುಂಬಿಡಿ, ಇನ್ನೊಂದು ತಿಂಗಳು ತಡೆಯುತ್ತದೆ.